ವಾಸನಿ ಬಂದಿತ್ರಿ ಸರ್

ಆ ತಾಯಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಂದು ಪ್ರಶ್ನೆ ಕೇಳಿದ್ದಳು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ತಪ್ಪೆಂದು ಒಪ್ಪಿಕೊಳ್ಳಲು ನನಗೆ ಆರು ವರ್ಷ ಹಿಡಿಯಿತು.

ಅದು 2018ರ ಬೇಸಿಗೆ. ಕಲಬುರಗಿ ಕಡೆಯ ನಮ್ಮೂರು ಭಂಕೂರಿನ ಬೇಸಿಗೆಯಲ್ಲಿ ಮೇಲಿನ ಬಿಸಿಲಿಗಿಂತ ಕೆಳಗಿನ ಫರ್ಸಿ ಕಲ್ಲಿನ ಕಾವು ಹೆಚ್ಚು. ಆಕೆ ಗಣಿಯಿಂದ ನೆಟ್ಟಗೆ ನಮ್ಮ ಮನೆಗೆ ಬಂದಿದ್ದಳು. ಸೀರೆಯ ನಿರಿಗೆಯಲ್ಲಿ ಕಲ್ಲಿನ ಬಿಳಿ ಪುಡಿ ಇತ್ತು. ಆಕೆಯ ಮಗ ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನ ಬಳಿ ಕನ್ನಡ ಕಲಿತವನು. ಹೆಸರು ಬೇಡ. ಹತ್ತನೆಯದರಲ್ಲಿ ಗಣಿತ ಹೋಯಿತು, ಹುಡುಗ ಲಾರಿಗೆ ಕ್ಲೀನರ್ ಆಗಿ ಹೋದ. ಶಹಾಬಾದ್ ಫರ್ಸಿ ಹೇರಿಕೊಂಡು ಹೋಗಿ, ಬರುವಾಗ ಸಿಕ್ಕ ಮಾಲು ತುಂಬಿಕೊಂಡು ಬರುವ ಲಾರಿ ಅದು. ಒಂದು ರಾತ್ರಿ ಚೆಕ್‌ಪೋಸ್ಟಿನಲ್ಲಿ ತಡೆದು ನೋಡಿದಾಗ ತರಕಾರಿ ಕ್ರೇಟುಗಳ ಕೆಳಗೆ ಗಾಂಜಾದ ಮೂಟೆಗಳು ಸಿಕ್ಕವು. ಡ್ರೈವರ್ ಕತ್ತಲೆಯಲ್ಲಿ ಇಳಿದು ಓಡಿದ. ಕ್ಯಾಬಿನ್ನಿನಲ್ಲಿ ನಿದ್ದೆಗಣ್ಣಲ್ಲಿದ್ದ ಹತ್ತೊಂಬತ್ತು ವರ್ಷದ ಹುಡುಗ ಸಿಕ್ಕಿಬಿದ್ದ.

"ಮಾಸ್ತರ್ರೀ, ನನ್ನ ಮಗ ಏನೂ ಮಾಡಿಲ್ರಿ. ನಿಮಗ ಗೊತ್ತದ. ಮತ್ತ ಅವಂಗ್ಯಾಕ ಹಿಂಗಾಯ್ತು?" ಅಂದಳು.

ನನಗೆ ಗೊತ್ತಿದ್ದ ಉತ್ತರ ಒಂದೇ. ನಮ್ಮ ಅಜ್ಜ ಹೇಳುತ್ತಿದ್ದದ್ದು, ಪ್ರವಚನಗಳಲ್ಲಿ ಕೇಳಿದ್ದು, ಸಾವಿನ ಮನೆಗಳಲ್ಲಿ ನಾನೇ ಎಷ್ಟೋ ಸಲ ಆಡಿದ್ದು. "ಪಡಕೊಂಡು ಬಂದದ್ದು ತಾಯಿ. ಯಾವ ಜನ್ಮದ್ದೋ ಏನೋ. ಉಂಡೇ ತೀರಬೇಕು" ಅಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ಅವಂದೇ ತಪ್ಪೇನ್ರಿ?" ಅಂದಳು. ಎದ್ದು ಸೆರಗು ಕೊಡವಿ ಹೊರಟುಹೋದಳು.

ನನ್ನ ಮಾತಿನ ತಿರುಳನ್ನು ಓದುಬರಹವಿಲ್ಲದ ಆ ತಾಯಿ ಕ್ಷಣದಲ್ಲಿ ಕಂಡಿದ್ದಳು. ಮಗ ತಪ್ಪು ಮಾಡಿಲ್ಲವೆಂದು ನನ್ನ ಬಾಯಿಂದ ಕೇಳಲು ಬಂದವಳ ಮಡಿಲಿಗೆ ನಾನು ಇನ್ನೊಂದು ಅಪರಾಧ ಹಾಕಿ ಕಳಿಸಿದ್ದೆ. ಪೊಲೀಸರು ಹೊರಿಸಿದ ಅಪರಾಧಕ್ಕೆ ಸಾಕ್ಷಿ ಬೇಕಾಗುತ್ತದೆ, ವಕೀಲ ಎದುರು ನಿಲ್ಲಬಹುದು. ಹಿಂದಿನ ಜನ್ಮದ್ದೆಂದು ನಾನು ಹೊರಿಸಿದ ಅಪರಾಧಕ್ಕೆ ಸಾಕ್ಷಿಯೂ ಇಲ್ಲ, ವಕೀಲನೂ ಇಲ್ಲ, ಬಿಡುಗಡೆಯೂ ಇಲ್ಲ.

ಹುಡುಗ ಎರಡು ವರ್ಷ ಒಂಬತ್ತು ತಿಂಗಳು ಜೈಲಿನಲ್ಲಿದ್ದ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಇಪ್ಪತ್ತು ಕಿಲೊ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಹತ್ತು ವರ್ಷದಿಂದ ಇಪ್ಪತ್ತು ವರ್ಷದವರೆಗೆ, ಜೊತೆಗೆ ಕಡಿಮೆಯೆಂದರೆ ಒಂದು ಲಕ್ಷ ದಂಡ. 37ನೆಯ ಕಲಮಿನ ಪ್ರಕಾರ ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಲಯಕ್ಕೆ ಮೊದಲೇ ಮನವರಿಕೆಯಾಗದ ಹೊರತು ಜಾಮೀನಿಲ್ಲ. 35ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆರೋಪಿಯ ಮನಸ್ಸಿನಲ್ಲಿ ಅಪರಾಧದ ಅರಿವಿತ್ತು ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ, ಇರಲಿಲ್ಲವೆಂದು ತೋರಿಸುವ ಭಾರ ಆರೋಪಿಯದು. ಮಾದಕವಸ್ತುವಿನ ವ್ಯಾಪಾರ ಎಂಥ ಮನೆಗಳನ್ನು ನುಂಗಿದೆ ಎಂಬುದನ್ನು ಬಲ್ಲವರು ಈ ಬಿಗಿಯನ್ನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಆದರೆ ಗಣಿಯಲ್ಲಿ ದಿನಗೂಲಿ ಮಾಡುವ ತಾಯಿಯೊಬ್ಬಳು, ತನ್ನ ಮಗನ ಮನಸ್ಸಿನಲ್ಲಿ ಏನಿರಲಿಲ್ಲ ಎಂಬುದನ್ನು ಯಾವ ಕಾಗದ ತಂದು ತೋರಿಸಬೇಕು? ತಾರೀಖಿಗೊಮ್ಮೆ ಕೂಲಿ ಬಿಟ್ಟು ಹೋದಳು. 2021ರ ಆರಂಭದಲ್ಲಿ, ಆರೋಪ ಸಾಬೀತಾಗಿಲ್ಲವೆಂದು ನ್ಯಾಯಾಲಯ ಹುಡುಗನನ್ನು ಬಿಟ್ಟಿತು. ಆಗ ಅವನಿಗೆ ಇಪ್ಪತ್ತೆರಡು.

ಇದನ್ನೆಲ್ಲ ನನ್ನೊಳಗೆ ಮತ್ತೆ ಕೆದಕಿದ್ದು ಒಂದು ಸಿನಿಮಾ.

2024ರ ಆಗಸ್ಟ್ 9ರಂದು ‘ಭೀಮ’ ಬಿಡುಗಡೆಯಾಯಿತು. ದುನಿಯಾ ವಿಜಯ್ ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿದ ಚಿತ್ರ. ಅಕ್ಕನ ಮಗ ಕಲಬುರಗಿಗೆ ಕರೆದೊಯ್ದು ತೋರಿಸಿದ. ಬೆಂಗಳೂರಿನ ಬಡ ಓಣಿಗಳ ಹುಡುಗರ ಕೈಗೆ ನಶೆಯ ವಸ್ತು ಹೇಗೆ ಬಂದು ಸೇರುತ್ತದೆ, ಅದನ್ನು ಮಾರುವವರು ಯಾರನ್ನೆಲ್ಲ ಬಲಿ ಕೊಟ್ಟು ಬೆಳೆಯುತ್ತಾರೆ ಎಂಬುದು ಅದರ ಕಥೆ. ಗಿರಿಜಾ ಎಂಬ ಪೊಲೀಸ್ ಅಧಿಕಾರಿಯಾಗಿ ಪ್ರಿಯಾ ಶಠಮರ್ಷಣ ಪರದೆಯ ಮೇಲೆ ಬಂದಾಗ ಇಡೀ ಚಿತ್ರಮಂದಿರ ಬೆನ್ನು ನೆಟ್ಟಗೆ ಮಾಡಿ ಕೂತಿತು. ಚಿತ್ರದಲ್ಲಿ ಕತ್ತಿ ಇದೆ, ರಕ್ತ ಇದೆ, ಕಂಡ ಕಣ್ಣು ಮುಚ್ಚಿಕೊಳ್ಳಬೇಕಾದ ದೃಶ್ಯಗಳಿವೆ. ಹುಡುಗರು ನರಳುವಾಗ ನನ್ನ ಪಕ್ಕದಲ್ಲಿದ್ದವರು ಲೊಚಗುಟ್ಟಿದರು. ಮಾರುವವರನ್ನು ನಾಯಕ ಹೊಡೆಯುವಾಗ ಅದೇ ಜನ ಶಿಳ್ಳೆ ಹಾಕಿದರು. ನನ್ನ ಕೈಯೂ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಹೊಡೆಯಲಿ, ಇನ್ನೊಂದು ಹೊಡೆಯಲಿ ಎಂದು ಒಳಗೆ ಅನ್ನಿಸುತ್ತಿತ್ತು.

ಹೊರಗೆ ಬಂದ ಮೇಲೆ ಅಕ್ಕನ ಮಗ ಹೇಳಿದ: "ಪಾಪ, ಏನೂ ತಪ್ಪು ಮಾಡದವರು ಸಾಯ್ತಾರ ನೋಡ್ರಿ ಮಾಮಾ."

ಏನೂ ತಪ್ಪು ಮಾಡದವರು. ಆ ಮಾತು ಕೇಳಿದ್ದೇ ನನ್ನ ಕಣ್ಣ ಮುಂದೆ ಕಟ್ಟೆಯಿಂದ ಎದ್ದುಹೋದ ಆ ತಾಯಿ ಬಂದು ನಿಂತಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಕಾಡಿದ್ದು ಶಿಳ್ಳೆಯೂ ಅಲ್ಲ, ಲೊಚಗುಟ್ಟುವಿಕೆಯೂ ಅಲ್ಲ. ಎರಡೂ ಒಂದೇ ಬಾಯಿಂದ ಬಂದದ್ದು ಕಾಡಿತು. ನಮ್ಮಲ್ಲಿ ಇದನ್ನು ಸಾವಿರ ವರ್ಷದ ಹಿಂದೆಯೇ ಯೋಚಿಸಿದವರಿದ್ದಾರೆ. ಸೇಡಂ ತಾಲ್ಲೂಕಿನ ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ನಮ್ಮ ಕಾಗಿಣಾ ನದಿಯ ದಂಡೆಯ ಊರು. ಹತ್ತನೆಯ ಶತಮಾನದಲ್ಲಿ ಪುಷ್ಪದಂತ ಕವಿ ಅಲ್ಲಿದ್ದುಕೊಂಡು ಅಪಭ್ರಂಶ ಭಾಷೆಯಲ್ಲಿ ಯಶೋಧರನ ಕಥೆ ಬರೆದ. ಅದೇ ಕಥೆಯನ್ನು 1209ರಲ್ಲಿ ಜನ್ನ ಕನ್ನಡಕ್ಕೆ ತಂದ. ಪ್ರಾಣಿಬಲಿಗೆ ಮನಸ್ಸೊಪ್ಪದ ಯಶೋಧರ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ದೇವಿಯ ಮುಂದೆ ಕಡಿಯುತ್ತಾನೆ. ಅದು ಹಿಟ್ಟು. ಅದರಲ್ಲಿ ರಕ್ತವಿಲ್ಲ. ಆದರೂ ಕೊಲ್ಲುವ ಸಂಕಲ್ಪದಿಂದ ಕತ್ತಿ ಎತ್ತಿದ್ದಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಿಸಿಕೊಂಡು, ನರಳಬೇಕಾಗುತ್ತದೆ.

ಎಳೆಯನಾಗಿದ್ದಾಗ ಇದು ಅತಿಯಾಯಿತು ಅನ್ನಿಸುತ್ತಿತ್ತು. ಆ ರಾತ್ರಿ ಅನ್ನಿಸಲಿಲ್ಲ. ಪರದೆಯ ಮೇಲಿನ ಮನುಷ್ಯನೂ ಹಿಟ್ಟಿನ ಕೋಳಿಯೇ. ಅವನಿಗೆ ನೋವಾಗುವುದಿಲ್ಲ, ಚಿತ್ರೀಕರಣ ಮುಗಿದ ಮೇಲೆ ಮುಖ ತೊಳೆದು ಮನೆಗೆ ಹೋಗುತ್ತಾನೆ. ಆದರೆ ಅವನ ಮೇಲೆ ಏಟು ಬೀಳಲಿ ಎಂದು ನನ್ನಲ್ಲಿ ಎದ್ದ ಆಸೆಗೆ ಬಣ್ಣ ಬಳಿದಿರಲಿಲ್ಲ. ಅದು ನಿಜವಾದ ಆಸೆ. ಆ ಶಿಳ್ಳೆಯೇ ಆಡಳಿತ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಫಿಲಿಪ್ಪೀನ್ಸ್ ಉದಾಹರಣೆ. 2016ರಲ್ಲಿ ಅಧ್ಯಕ್ಷರಾದ ರೊಡ್ರಿಗೊ ಡುಟರ್ಟೆ ಮಾದಕವಸ್ತುವಿನ ಮೇಲೆ ಸಾರಿದ ಯುದ್ಧದಲ್ಲಿ ಸಾವಿರಾರು ಜನ ಸತ್ತರು. ಹೆಚ್ಚಿನವರು ಬಡ ಓಣಿಗಳವರು. 2025ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟಿನ ಮೇಲೆ ಅವರನ್ನು ಬಂಧಿಸಿ ಹೇಗ್ ನಗರಕ್ಕೆ ಒಯ್ದರು. ಸತ್ತವರ ಪೈಕಿ ಯಾರು ಮಾರುವವರು, ಯಾರು ಸೇದುವವರು, ಯಾರು ಸುಮ್ಮನೆ ಆ ಓಣಿಯಲ್ಲಿ ನಿಂತಿದ್ದವರು ಎಂದು ಅವರು ಸಾಯುವ ಮೊದಲು ವಿಚಾರಿಸಲು ಯಾವ ನ್ಯಾಯಾಲಯಕ್ಕೂ ಅವಕಾಶವಾಗಲಿಲ್ಲ.

ಸಿನಿಮಾ ನೋಡಿದ ಕೆಲವು ದಿನಕ್ಕೆ ನಾನು ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಈಗ ಅವನು ಫರ್ಸಿ ಪಾಲಿಶ್ ಮಾಡುವ ಮಷೀನಿನ ಮೇಲೆ ಕೆಲಸ ಮಾಡುತ್ತಾನೆ. ನೀರು ಬಿಟ್ಟುಕೊಂಡು ಕಲ್ಲು ಉಜ್ಜುವ ಕೆಲಸ, ಮೊಣಕಾಲವರೆಗೆ ಬೂದುಬಣ್ಣದ ರಾಡಿ. ನನ್ನನ್ನು ಕಂಡು ಮಷೀನು ನಿಲ್ಲಿಸಿ ಬಂದ. ಚಹಾದಂಗಡಿಯ ಮುಂದಿನ ಫರ್ಸಿಯ ಮೇಲೆ ಕೂತೆವು. "ತಮ್ಮಾ, ನೀನು ತಪ್ಪು ಮಾಡಿಲ್ಲ ಅಂತ ನನಗ ಮೊದಲಿಂದ ಗೊತ್ತಿತ್ತು" ಎಂದೆ. ಅಷ್ಟಾದರೂ ಹೇಳಿ ಹಗುರಾಗೋಣ ಎಂದುಕೊಂಡಿದ್ದೆ.

ಅವನು ತಲೆ ಎತ್ತಲಿಲ್ಲ. "ವಾಸನಿ ಬಂದಿತ್ರಿ ಸರ್" ಅಂದ.

ನಾನು ಸುಮ್ಮನಾದೆ.

"ಲೋಡ್ ಆಗೂ ಮುಂದನ ವಾಸನಿ ಬಂದಿತ್ತು. ಡ್ರೈವರ್ ಐನೂರು ರೂಪಾಯಿ ಕೈಯಾಗ ಇಟ್ಟು, ನೀ ಮಲ್ಕೊ ಅಂದ. ಏನೈತಿ ಅದರಾಗ ಅಂತ ನಾ ಕೇಳಲಿಲ್ಲ."

ಇದನ್ನು ಅವನು ಕೋರ್ಟಿನಲ್ಲಿ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ. ಕೇಳಿದಾಗ ಮೊದಲು ನನ್ನೊಳಗೆ ಏನಾಯಿತೆಂಬುದನ್ನು ಮುಚ್ಚಿಡದೆ ಬರೆಯುತ್ತೇನೆ. ಅವನ ಮೇಲಿನ ನನ್ನ ಮರುಕ ಒಂದು ಗೇಣು ಕುಗ್ಗಿತು. ಹಾಗಾದರೆ ಇವನು ಪೂರ್ತಿ ನಿರಪರಾಧಿಯಲ್ಲ ಎಂದು ಮನಸ್ಸು ಲೆಕ್ಕ ಹಾಕಿತು. ಮರುಕ್ಷಣವೇ ನಾಚಿಕೆಯಾಯಿತು. ಎರಡು ವರ್ಷ ಒಂಬತ್ತು ತಿಂಗಳು ಅವನು ಪಟ್ಟದ್ದರಲ್ಲಿ ಒಂದು ದಿನವೂ ಈ ಮಾತಿನಿಂದ ಕಡಿಮೆಯಾಗಿರಲಿಲ್ಲ. ಕುಗ್ಗಿದ್ದು ನನ್ನ ಮರುಕ ಮಾತ್ರ.

2016ರಲ್ಲಿ ಬಂದ ‘ಉಡ್ತಾ ಪಂಜಾಬ್’ ಎಂಬ ಹಿಂದಿ ಚಿತ್ರದಲ್ಲಿ ಆಲಿಯಾ ಭಟ್ ಮಾಡಿದ ಪಾತ್ರವೊಂದಿದೆ. ಬಿಹಾರದಿಂದ ಪಂಜಾಬಿಗೆ ಕೂಲಿಗೆ ಬಂದ ಹುಡುಗಿ. ಗಡಿಯಾಚೆಯಿಂದ ಎಸೆದ ಹೆರಾಯಿನ್ ಪೊಟ್ಟಣ ಹೊಲದಲ್ಲಿ ಅವಳಿಗೆ ಸಿಗುತ್ತದೆ. ಇದನ್ನು ಮಾರಿದರೆ ಈ ಕೂಲಿಯ ಬಾಳು ತಪ್ಪೀತು ಎಂದು ಆಸೆಪಡುತ್ತಾಳೆ. ಮಾರಲು ಹೋಗಿ, ಆ ವ್ಯಾಪಾರದವರ ಕೈಗೆ ಸಿಕ್ಕಿ, ಹೇಳಬಾರದ ಹಿಂಸೆ ಅನುಭವಿಸುತ್ತಾಳೆ. ಚಿತ್ರದ ಬಹುಪಾಲು ನಮಗೆ ಅವಳ ಹೆಸರೂ ತಿಳಿಯುವುದಿಲ್ಲ. ಅವಳು ನಿರಪರಾಧಿಯೇ? ಕಾಯ್ದೆಯ ಪುಸ್ತಕ ತೆರೆದರೆ ಅಲ್ಲ. ಆದರೂ ಅವಳು ಸೆರೆಯಲ್ಲಿ ನರಳುವುದನ್ನು ಕಂಡು ಕರಗದ ಮನಸ್ಸು ಮನುಷ್ಯನದ್ದಲ್ಲ. ನೊಂದವರ ಕೈಯಲ್ಲಿ ಮೊದಲು ನಿರಪರಾಧದ ಸರ್ಟಿಫಿಕೇಟು ನೋಡಿ ಆಮೇಲೆ ಕಣ್ಣೀರು ಹಾಕುವ ದಯೆ ದಯೆಯೇ ಅಲ್ಲ, ಅದು ಇನ್ನೊಂದು ಕಚೇರಿ.

ಹಾಗಾದರೆ ತಪ್ಪಿನ ಲೆಕ್ಕವೇ ಬೇಡವೇ? ಬೇಕು. ಲೆಕ್ಕವಿಲ್ಲದ ದಯೆ ಮಾರುವವನನ್ನೂ ಹುಡುಗನನ್ನೂ ಒಂದೇ ತಟ್ಟೆಯಲ್ಲಿ ತೂಗಿಬಿಡುತ್ತದೆ. ಲೆಕ್ಕ ಹೇಗಿರಬೇಕೆಂದು ನನಗೆ ತೋರಿಸಿದ್ದು ನಮ್ಮ ನೆರೆಯ ಊರು ಮರ್ತೂರು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಹೆಸರಿನೊಂದಿಗೆ ಸೇರಿಕೊಂಡ ಊರು ಅದು. ಅವನ ಹೆಸರಿನ ಭವನವೂ ಅಲ್ಲಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವನ್ನು ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಹಿಂದೂ ಕುಟುಂಬದ ಆಸ್ತಿ ಹಂಚಲು ಆಧಾರವಾಗಿ ಹಿಡಿದವು. ಮಿತಾಕ್ಷರಾ ಎಂದ ಕೂಡಲೇ ನಮ್ಮ ಜನಕ್ಕೆ ಹೊಲದ ಪಾಲು ನೆನಪಾಗುತ್ತದೆ. ಅದೇ ಗ್ರಂಥದ ಪ್ರಾಯಶ್ಚಿತ್ತ ಭಾಗದಲ್ಲಿ ಪಾಪದ ಪಾಲಿನ ಲೆಕ್ಕವೂ ಇದೆ.

ಒಂದು ಕೊಲೆಯಾದರೆ ಅದರಲ್ಲಿ ಐದು ಬಗೆಯ ಜನ ಸೇರಿರುತ್ತಾರೆ ಎಂದು ವಿಜ್ಞಾನೇಶ್ವರ ವಿಂಗಡಿಸುತ್ತಾನೆ. ಕೈಯಾರೆ ಮಾಡಿದವನು ಕರ್ತೃ. ಮಾಡೆಂದು ಹಚ್ಚಿದವನು ಪ್ರಯೋಜಕ. ಮಾಡುವವನಿಗೆ ಒಪ್ಪಿಗೆ ಕೊಟ್ಟು ಹುರುಪು ತುಂಬಿದವನು ಅನುಮಂತೃ. ಓಡುವವನನ್ನು ತಡೆಹಿಡಿದೋ, ಇನ್ನೊಂದು ರೀತಿಯಲ್ಲೋ ನೆರವಾದವನು ಅನುಗ್ರಾಹಕ. ತಾನು ಹೊಡೆಯದಿದ್ದರೂ ಸಾವಿಗೆ ಕಾರಣನಾದವನು ನಿಮಿತ್ತಿ. ಐವರಿಗೂ ಪಾಲಿದೆ, ಆದರೆ ಪಾಲು ಸಮವಲ್ಲ. ದೂರವಾದಂತೆ ಹಗುರವಾಗುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ.

ಆ ಗ್ರಂಥದಲ್ಲಿರುವುದೆಲ್ಲ ನನಗೆ ಒಪ್ಪಿಗೆಯಿಲ್ಲ. ಸತ್ತವನ ಜಾತಿ ನೋಡಿ ಪಾಪದ ತೂಕ ಏರಿಳಿಸುವ ಸ್ಮೃತಿಯ ರೀತಿಯನ್ನು ಈ ನೆಲದ ಶರಣರೇ ಹನ್ನೆರಡನೆಯ ಶತಮಾನದಲ್ಲಿ ಮುರಿದು ಹಾಕಿದರು. ಅದನ್ನು ಮತ್ತೆ ಜೋಡಿಸುವ ಆಸೆ ನನಗಿಲ್ಲ. ನಾನು ಅಲ್ಲಿಂದ ತೆಗೆದುಕೊಳ್ಳುವುದು ಒಂದೇ ಉಪಕರಣ. ‘ಅಪರಾಧಿ’, ‘ನಿರಪರಾಧಿ’ ಎಂಬ ಎರಡೇ ಖಾನೆ ಸಾಲದು ಎಂಬ ತಿಳಿವಳಿಕೆ.

ಆ ಉಪಕರಣ ಹಿಡಿದು ನಮ್ಮ ಸುತ್ತಲಿನ ಸಂಗತಿಗಳನ್ನು ನೋಡಿದೆ. 2020ರ ಸೆಪ್ಟೆಂಬರಿನಲ್ಲಿ, ನನ್ನ ಶಿಷ್ಯ ಜೈಲಿನಲ್ಲಿದ್ದಾಗಲೇ, ಬೆಂಗಳೂರಿನ ಪೊಲೀಸರು ನಮ್ಮ ಪಕ್ಕದ ಕಾಳಗಿ ತಾಲ್ಲೂಕಿಗೆ ಬಂದರು. ಆಟೊ ಓಡಿಸುವವನೊಬ್ಬನ ಬಳಿ ಸಿಕ್ಕ ಅಲ್ಪ ಗಾಂಜಾದ ಜಾಡು ಹಿಡಿದು ಹೊರಟವರು ಕೊನೆಗೆ ಒಂದು ಕುರಿದೊಡ್ಡಿಯಲ್ಲಿ ನೆಲದಡಿ ಹೂತಿಟ್ಟಿದ್ದ ಸುಮಾರು 1,350 ಕಿಲೊ ಗಾಂಜಾ ಹೊರತೆಗೆದರು. ಒಡಿಶಾದಿಂದ ತೆಲಂಗಾಣದ ಮೂಲಕ ತರಕಾರಿ ಲಾರಿಯಲ್ಲಿ ಬಂದ ಮಾಲು. ಮೇಲೆ ಕುರಿ ಮಲಗುತ್ತಿದ್ದವು. 2022ರ ಸೆಪ್ಟೆಂಬರಿನಲ್ಲಿ ಗಾಂಜಾ ಬೆಳೆಯ ಮೇಲೆ ದಾಳಿ ಮಾಡಲು ಮಹಾರಾಷ್ಟ್ರ ಗಡಿಯ ಉಮರ್ಗಾ ಕಡೆಗೆ ಹೋದ ನಮ್ಮ ಜಿಲ್ಲೆಯ ಸರ್ಕಲ್ ಇನ್‌ಸ್ಪೆಕ್ಟರ್ ಶ್ರೀಮಂತ ಇಲ್ಲಾಳರ ಮೇಲೆ ಹತ್ತಾರು ಜನ ಕತ್ತಲಲ್ಲಿ ಮುಗಿಬಿದ್ದರು. ಜೀವಕ್ಕೆ ಕುತ್ತಾಗಿ ಅವರನ್ನು ವಿಮಾನದಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾಯಿತು. ಖಾಕಿ ತೊಟ್ಟವರು ಹಿಂಸೆ ಕೊಡುವುದನ್ನೇ ನೋಡಿದ ನಮಗೆ, ಈ ವ್ಯಾಪಾರದ ಎದುರು ಅವರ ದೇಹವೂ ಎಷ್ಟು ಮೆತ್ತಗಿನದು ಎಂದು ಆ ದಿನ ತಿಳಿಯಿತು.

ಈ ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಬಿಡಿಸಿ ನೋಡಿ. ಒಡಿಶಾದ ಗುಡ್ಡದಲ್ಲಿ ಬೆಳೆದವನು, ಹಣ ಹಾಕಿದವನು, ಲಾರಿಯ ಮಾಲೀಕ, ಡ್ರೈವರ್, ಕ್ಲೀನರ್, ದೊಡ್ಡಿಯವನು, ದೊಡ್ಡಿಯ ಪಕ್ಕದ ಹೊಲದವನು, ಕಂಡೂ ಕಾಣದಂತೆ ಹೋದ ಅಧಿಕಾರಿ, ಆಟೊದವನು, ವಾರಾಂತ್ಯದ ಖುಷಿಗೆ ಒಂದು ಪೊಟ್ಟಣ ಕೊಳ್ಳುವ ಬೆಂಗಳೂರಿನ ಯುವಕ. ಆ ಯುವಕ ಯಾರಿಗೂ ಕೇಡು ಬಗೆದವನಲ್ಲ. ತಾನು ಕೊಟ್ಟ ದುಡ್ಡು ಹಿಂದಕ್ಕೆ ಹರಿದು ಭಂಕೂರಿನ ಹುಡುಗನೊಬ್ಬನ ಕೈಯಲ್ಲಿ ಐನೂರರ ನೋಟಾಗುತ್ತದೆಂದು ಅವನಿಗೆ ಗೊತ್ತಿಲ್ಲ. ಆದರೆ ನಿಮಿತ್ತಿ ಎಂದರೆ ಅವನೇ. ಗೊತ್ತಿಲ್ಲದಿರುವುದು ಅವನ ಅನುಕೂಲ, ಹುಡುಗನ ಜೈಲು.

ಇಲ್ಲಿಗೆ ಬಂದ ಮೇಲೆ ಆ ತಾಯಿಯ ಪ್ರಶ್ನೆಯ ಮುಖ ನನಗೆ ಕಂಡಿತು. ‘ಅವನಿಗ್ಯಾಕೆ ಹೀಗಾಯಿತು’ ಎಂಬುದಕ್ಕೆ ಉತ್ತರವನ್ನು ನಾನು ಹಿಂದಿನ ಜನ್ಮದಲ್ಲಿ ಹುಡುಕಲು ಹೋಗಿದ್ದೆ. ಕಾರಣಗಳೆಲ್ಲ ಇದೇ ಜನ್ಮದಲ್ಲಿ, ಇದೇ ರಸ್ತೆಯ ಮೇಲೆ, ಹೆಸರು ವಿಳಾಸ ಸಹಿತ ಇದ್ದವು. ಕರ್ಮವೆಂದರೆ ಮಾಡಿದ್ದು. ಮಾಡಿದವರು ಹಲವರು, ಉಂಡವನು ಒಬ್ಬ. ಹಲವರ ಕರ್ಮವನ್ನು ಒಬ್ಬನ ಹಣೆಗೆ ಬರೆದು ‘ವಿಧಿ’ ಎಂದು ಕರೆಯುವುದು ಧರ್ಮದ ಮಾತಲ್ಲ. ಅದು ಉಳಿದವರ ಪಾಲನ್ನು ಮನ್ನಾ ಮಾಡುವ ಉಪಾಯ.

ಆ ರಸ್ತೆಯ ಮೇಲೆ ಒಂದು ಕಾಲಕ್ಕೆ ಬೇರೆ ಮಾತೊಂದು ಪಯಣಿಸಿ ಬಂದಿತ್ತು. ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಸನ್ನತಿಯಲ್ಲಿ, 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠದ ಕಲ್ಲಿನ ಮೇಲೆ ಅಶೋಕನ ಅಕ್ಷರಗಳು ಕಂಡವು. ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಇವೆಯೆಂದು ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳು ಇಲ್ಲಿಯೂ ಭಗ್ನವಾಗಿ ದೊರೆತವು. ಗಾಂಜಾದ ಲಾರಿ ಹೊರಡುವ ಅದೇ ಒಡಿಶಾದ, ಅಂದರೆ ಅಂದಿನ ಕಳಿಂಗದ, ಬಂಡೆಗಳ ಮೇಲಿರುವ ಮಾತು, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಭೀಮಾ ದಂಡೆಗೆ ಬಂದಿತ್ತು. ಆ ಮೊದಲನೆಯ ಶಾಸನದಲ್ಲಿ ಅಶೋಕ ತನ್ನ ನ್ಯಾಯಾಧಿಕಾರಿಗಳಿಗೆ ಹೇಳುವುದರ ಸಾರ ಇಷ್ಟು: ಪ್ರಜೆಗಳೆಲ್ಲ ನನ್ನ ಮಕ್ಕಳಿದ್ದಂತೆ. ಕಾರಣವಿಲ್ಲದೆ ಸೆರೆವಾಸಕ್ಕೂ ಹಿಂಸೆಗೂ ಸಿಕ್ಕಿಬೀಳುವವರಿದ್ದಾರೆ, ಅದರಿಂದ ಸುತ್ತಲಿನ ಬಹಳ ಜನ ನೋಯುತ್ತಾರೆ. ಹಾಗಾಗದಂತೆ ನೀವು ಎಚ್ಚರವಾಗಿರಿ. ಎಚ್ಚರ ತಪ್ಪಿಸುವ ದೋಷಗಳನ್ನೂ ಅವನು ಪಟ್ಟಿ ಮಾಡುತ್ತಾನೆ. ಅದರಲ್ಲಿ ಸಿಟ್ಟು, ಕ್ರೌರ್ಯಗಳ ಜೊತೆಗೆ ಆತುರ, ಸೋಮಾರಿತನ, ದಣಿವೂ ಇವೆ.

ದಣಿವನ್ನು ಅವನು ಸೇರಿಸಿದ್ದು ನನ್ನನ್ನು ಅಲುಗಾಡಿಸಿತು. ದುಷ್ಟತನದಿಂದ ಮಾತ್ರ ಅನ್ಯಾಯವಾಗುತ್ತದೆ ಎಂದು ಸಿನಿಮಾ ಹೇಳಬಹುದು, ಅದಕ್ಕೆ ಖಳನಾಯಕ ಬೇಕು. ಎಷ್ಟೋ ಅನ್ಯಾಯ ದಣಿದವರಿಂದ, ಅವಸರದವರಿಂದ, ಇನ್ನೊಂದು ಪ್ರಶ್ನೆ ಕೇಳಲು ಬೇಸರಪಟ್ಟವರಿಂದ ಆಗುತ್ತದೆ ಎಂದು ರಾಜನೊಬ್ಬ ಕಲ್ಲಿನ ಮೇಲೆ ಕೊರೆಸಿದ್ದ.

ಇನ್ನು ನನ್ನ ಮಾತು. ಶಾಲೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ಶೌಚಾಲಯದ ಹಿಂದಿನ ಗೋಡೆಯ ಬಳಿ ನನಗೂ ವಾಸನೆ ಬಂದಿತ್ತು. ಸುಟ್ಟ ಹಸಿ ಎಲೆಯ ವಾಸನೆ. ಮೂರ್ನಾಲ್ಕು ಹುಡುಗರು ಕೆಂಪು ಕಣ್ಣಲ್ಲಿ ಮಧ್ಯಾಹ್ನದ ತರಗತಿಗೆ ಬರುತ್ತಿದ್ದರು. ಜಾತ್ರೆಯಲ್ಲಿ ಸಾಧುಗಳು ಚಿಲುಮೆ ಸೇದುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರರ ಸನ್ನಿಧಿಯಲ್ಲಿ ಭಕ್ತರು ಅದನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯೂ ಗೊತ್ತು. ಆ ಎಲೆ ನಮ್ಮ ಭಾಗಕ್ಕೆ ಹೊಸದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಾತ್ರೆಯ ಸಾಧುವಿನ ಚಿಲುಮೆ ಬೇರೆ, ಹದಿನಾಲ್ಕರ ಹುಡುಗನಿಗೆ ಸಾಲ ಕೊಟ್ಟು ಚಟ ಹತ್ತಿಸಿ ಆಮೇಲೆ ಅವನಿಂದಲೇ ಮಾರಿಸುವ ವ್ಯಾಪಾರ ಬೇರೆ ಎಂಬುದು ಗೊತ್ತಿದ್ದೂ ಹೇಳಿಕೊಂಡೆ. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಎಲ್ಲಿಂದ ಬಂತು ಎಂದು ಕೇಳಿದರೆ ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೋ ಎಂಬ ಅಂಜಿಕೆ ಇತ್ತು. ಕೇಳಲಿಲ್ಲ. ವಿಜ್ಞಾನೇಶ್ವರನ ಪಟ್ಟಿಯಲ್ಲಿ ನನ್ನ ಖಾನೆಗೆ ಅನುಮಂತೃ ಎಂಬ ಹೆಸರಿಡುತ್ತೇನೆ. ಬಾಯಲ್ಲಿ ಹ್ಞೂಂ ಅನ್ನಲಿಲ್ಲ. ಮಾಸ್ತರನ ಮೌನವನ್ನು ಹುಡುಗರು ಹ್ಞೂಂ ಎಂದೇ ಓದುತ್ತಾರೆ.

2024ರ ಆ ಶ್ರಾವಣದಲ್ಲೇ ಆ ತಾಯಿಯ ಮನೆಗೆ ಹೋದೆ. "ಅವತ್ತು ನಾ ಹೇಳಿದ್ದು ತಪ್ಪು ತಾಯಿ. ಅದು ಅವನ ಹಿಂದಿನ ಜನ್ಮದ್ದಲ್ಲ" ಎಂದೆ.

"ಮತ್ತ ಯಾರದ್ರಿ?" ಅಂದಳು. ಆರು ವರ್ಷದ ಹಿಂದಿನ ಮಾತು ನಿನ್ನೆಯದೆಂಬಂತೆ.

ನಾನು ಹೇಳುತ್ತ ಹೋದೆ. ಡ್ರೈವರಂದು, ಮಾಲೀಕಂದು, ಕೊಳ್ಳುವವರದು. "ನಂದೂ ಒಂದೀಟು ಅದ" ಎಂದೆ. ಶಾಲೆಯ ಹಿಂದಿನ ಗೋಡೆಯ ಸಂಗತಿ ಹೇಳಿದೆ. ಮಗ ನನಗೆ ಹೇಳಿದ್ದನ್ನು ಮಾತ್ರ ಹೇಳಲಿಲ್ಲ, ಅದು ಅವನು ಹೇಳಬೇಕಾದದ್ದು.

ಆಕೆ ಬಹಳ ಹೊತ್ತು ಒಲೆಯ ಕಡೆ ನೋಡುತ್ತ ಕೂತಿದ್ದಳು. ಆಮೇಲೆ ಅಂದಳು: "ಪೊಲೀಸರು ಹಿಡಿಯೂಕಿಂತ ಮೊದಲಿನ ತಿಂಗಳ ಅಂವ ಐನೂರು ಹೆಚ್ಚಿಗಿ ತಂದುಕೊಟ್ಟಿದ್ದರಿ. ಎಲ್ಲಿದು ಅಂತ ನಾನೂ ಕೇಳಲಿಲ್ಲ. ಮನ್ಯಾಗ ಜ್ವಾಳ ತೀರಿತ್ತು."

ಅಂದರೆ ಆ ಐನೂರು ಒಂದೇ ಸಲದ್ದಲ್ಲ. ಆಕೆಗೆ ಗೊತ್ತಿತ್ತು, ಅಥವಾ ಗೊತ್ತಾಗಬಹುದಿತ್ತು. ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ನಮ್ಮ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣೆ. ಗಂಡ ಮಾರಯ್ಯ ದಿನವೂ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು, ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ಇಷ್ಟು ಯಾಕೆ ತಂದೆ ಎಂದು ಕೇಳಿ, ತಂದಲ್ಲಿಗೇ ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳು. ನಾಲ್ವತ್ತು ವರ್ಷ ಈ ಕಥೆಯನ್ನು ಮಕ್ಕಳಿಗೆ ಹೇಳಿದವನು ನಾನು. ಈ ತಾಯಿಯೂ ಹಾಗೆ ಕೇಳಬೇಕಿತ್ತೇ?

ಆ ಮಣ್ಣಿನ ಒಲೆಯ ಮುಂದೆ ಕೂತು ನನಗೆ ಹೊಳೆದದ್ದು ಇದು, ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಇದೇ. ಎಲ್ಲಿಂದ ಬಂತು ಎಂದು ಕೇಳುವುದು ಎಲ್ಲರ ಧರ್ಮ, ಆದರೆ ಕೇಳುವುದಕ್ಕೆ ಎಲ್ಲರೂ ತೆರಬೇಕಾದ ಬೆಲೆ ಒಂದೇ ಅಲ್ಲ. ಆಕೆ ಕೇಳಿದ್ದರೆ ಆ ವಾರ ಮನೆಯಲ್ಲಿ ರೊಟ್ಟಿ ಇರುತ್ತಿರಲಿಲ್ಲ. ಹುಡುಗ ಕೇಳಿದ್ದರೆ ಲಾರಿಯಿಂದ ಇಳಿಸಿಬಿಡುತ್ತಿದ್ದರು. ನಾನು ಕೇಳಿದ್ದರೆ? ಒಂದಿಬ್ಬರ ಮುನಿಸು, ನಾಲ್ಕು ದಿನದ ಓಡಾಟ. ನನ್ನ ಸಂಬಳ, ಪಿಂಚಣಿ ಎಲ್ಲ ಹಾಗೆಯೇ ಬರುತ್ತಿತ್ತು. ಬೆಂಗಳೂರಿನ ಆ ಯುವಕ ಕೇಳಿದ್ದರೆ ಒಂದು ಸಂಜೆಯ ಖುಷಿ ಹೋಗುತ್ತಿತ್ತು, ಅಷ್ಟೇ. ಪಾಪದ ಪಾಲನ್ನು ಹಂಚುವಾಗ, ಕೃತ್ಯಕ್ಕೆ ಎಷ್ಟು ಹತ್ತಿರವಿದ್ದೆ ಎಂಬುದರ ಜೊತೆಗೆ, ಕೇಳುವುದು ನಿನಗೆ ಎಷ್ಟು ಸುಲಭವಿತ್ತು ಎಂಬುದನ್ನೂ ತೂಗಬೇಕು. ಸುಲಭವಾಗಿ ಕೇಳಬಹುದಾಗಿದ್ದವರು ಕೇಳದೆ ಉಳಿದಾಗ, ಆ ಪ್ರಶ್ನೆಯ ಭಾರವೆಲ್ಲ ಕೇಳಲಾರದವರ ತಲೆಯ ಮೇಲೆ ಬಂದು ಬೀಳುತ್ತದೆ. ನಮ್ಮ ಸಿನಿಮಾಗಳು ಇವರನ್ನೇ ಪಾಪ, ಏನೂ ತಪ್ಪು ಮಾಡದವರು ಎಂದು ತೋರಿಸಿ ನಮ್ಮನ್ನು ಅಳಿಸುತ್ತವೆ. ಅಳುವುದು ಒಳ್ಳೆಯದೇ. ಅತ್ತು ಹೊರಗೆ ಬಂದವನು ತನ್ನ ಪಾಲೆಷ್ಟು ಎಂದು ಒಮ್ಮೆ ಎಣಿಸಿದರೆ ಆ ಕಣ್ಣೀರಿಗೂ ಅರ್ಥ ಬಂದೀತು.

"ನಿನ್ನ ಪಾಲು ಎಲ್ಲಕ್ಕಿಂತ ಸಣ್ಣದು ತಾಯಿ. ತೀರಿಸಿದ್ದೂ ಆತು, ಮೂರು ವರ್ಷ ಕೋರ್ಟಿಗೆ ನಡೆದು" ಎಂದೆ. ಆಕೆ ತಲೆಯಾಡಿಸಲಿಲ್ಲ, ಅಲ್ಲಗಳೆಯಲೂ ಇಲ್ಲ. ನಾನು ಏಳುವಾಗ, "ಅಂವಂದೇ ತಪ್ಪಲ್ಲ ಅಂದಂಗಾತು" ಅಂದಳು, ತನಗೆ ತಾನೇ.

ಈಗ ಶನಿವಾರ ಮಧ್ಯಾಹ್ನ ನಾನು ಶಾಲೆಯ ಕಡೆ ಹೋಗುತ್ತೇನೆ. ಯಾರೂ ಕರೆದಿಲ್ಲ, ಯಾರೂ ಬೇಡವೆಂದೂ ಅಂದಿಲ್ಲ. ಹೋದ ವಾರ ಗೋಡೆಯ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಬ್ಬನೇ ಕೂತಿದ್ದ. ಅವನ ಕೈಯಲ್ಲಿ ಹೊಸ ಮೊಬೈಲು. ಅವನಪ್ಪ ಗಣಿಯಲ್ಲಿ ಕಲ್ಲು ಎತ್ತುವವನೆಂದು ನನಗೆ ಗೊತ್ತು.

"ಎಲ್ಲಿಂದ ಬಂತು ತಮ್ಮಾ?" ಎಂದು ಕೇಳಿದೆ.

ಹುಡುಗ ಉತ್ತರ ಕೊಡಲಿಲ್ಲ. ಬಿಸಿಲಿಗೆ ಕಾದ ಫರ್ಸಿಯ ಮೇಲೆ ಟವೆಲ್ ಹಾಸಿ ನಾನೂ ಅವನ ಪಕ್ಕದಲ್ಲಿ ಕೂತೆ. ಅವನು ಹೇಳುವವರೆಗೆ ಕೂತಿರುವಷ್ಟು ಹೊತ್ತು ನನ್ನ ಬಳಿ ಇತ್ತು.